ಗರ್ಜನೆಯನ್ನು ಆಲಿಸುವ ಬಗೆ

ಸಂಗೀತವೆಂದ ಕೂಡಲೆ ಮಾಧುರ್ಯವನ್ನು ನಿರೀಕ್ಷಿಸುವುದು ನಮ್ಮ ಕಿವಿಯ ಹಳೆಯ ಅಭ್ಯಾಸ. ಆದರೆ ಮಾಧುರ್ಯವನ್ನು ಬೇಕೆಂದೇ ಹೊರಗಿಟ್ಟು, ಗರ್ಜನೆಯನ್ನೂ ಗದ್ದಲವನ್ನೂ ತನ್ನ ಸಾಮಗ್ರಿಯಾಗಿ ಆರಿಸಿಕೊಂಡ ಸಂಗೀತವೊಂದು ಸುಮಾರು ನಾಲ್ಕು ದಶಕಗಳಿಂದ ಲೋಕದಲ್ಲಿ ಬಾಳಿಕೊಂಡು ಬಂದಿದೆ. ಅದರ ಹೆಸರು ಡೆತ್ ಮೆಟಲ್. ಹೆಸರೇ ಹೆದರಿಸುವಂಥದು. ಪಕ್ಕದ ಕೋಣೆಯಲ್ಲಿ ಮಗನೋ ಮೊಮ್ಮಗಳೋ ಹಚ್ಚಿಟ್ಟ ಈ ಸಂಗೀತ ಎರಡು ನಿಮಿಷ ಕಿವಿಗೆ ಬಿದ್ದರೆ, ‘ಇದೂ ಒಂದು ಸಂಗೀತವೆ?’ ಎಂದು ಕೇಳದ ಹಿರಿಯರು ಕಡಿಮೆ. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಸಾಮಾನ್ಯ ಮಾತುಗಳಲ್ಲಿ ಉತ್ತರ ಹೇಳುವುದಕ್ಕಿಂತ, ಒಂದೇ ಒಂದು ಧ್ವನಿಮುದ್ರಿಕೆಯನ್ನು ಎದುರಿಗಿಟ್ಟುಕೊಂಡು ಅದನ್ನು ಹೇಗೆ ಕೇಳಬಹುದು ಎಂದು ವಿಚಾರಿಸುವುದು ಲೇಸು.

ಇದಕ್ಕಾಗಿ ನಾನು ಆರಿಸಿಕೊಂಡಿರುವುದು ಇಂಗ್ಲೆಂಡಿನ ಕವೆಂಟ್ರಿ ನಗರದ ‘ಬೋಲ್ಟ್ ಥ್ರೋವರ್’ ಎಂಬ ತಂಡ 2005ರ ನವೆಂಬರಿನಲ್ಲಿ ಹೊರತಂದ ‘ದೋಸ್ ಒನ್ಸ್ ಲಾಯಲ್’ ಎಂಬ ಸಂಪುಟವನ್ನು. ‘ಒಮ್ಮೆ ನಿಷ್ಠರಾಗಿದ್ದವರು’ ಎಂದು ಆ ಹೆಸರನ್ನು ಕನ್ನಡಿಸಬಹುದು. ಒಂಬತ್ತು ಹಾಡುಗಳು; ಒಟ್ಟು ನಲವತ್ತು ನಿಮಿಷಕ್ಕೆ ತುಸು ಕಡಿಮೆ. ಇದಕ್ಕಿಂತ ವೇಗವಾದ, ಇದಕ್ಕಿಂತ ಜಟಿಲವಾದ, ಇದಕ್ಕಿಂತ ಭೀಕರವಾದ ಸಂಪುಟಗಳು ಈ ಪ್ರಕಾರದಲ್ಲಿ ಬೇಕಾದಷ್ಟಿವೆ. ಇದು ಅವುಗಳ ನಡುವೆ ನೇರವಾದದ್ದು, ಸಂಪ್ರದಾಯವನ್ನು ಬಿಡದೆ ನಡೆದದ್ದು. ಹಾಗಿರುವುದರಿಂದಲೇ ಹೊಸ ಕೇಳುಗನಿಗೆ ಇದು ತಕ್ಕ ಬಾಗಿಲು.

ಮೊದಲು ಊರಿನ ವಿಷಯ ಎರಡು ಮಾತು. ಕವೆಂಟ್ರಿ ಮೋಟಾರು ಕಾರುಗಳ ಕಾರ್ಖಾನೆಗಳ ಊರು. 1940ರ ನವೆಂಬರ್ 14ರ ರಾತ್ರಿ ಜರ್ಮನಿಯ ವಿಮಾನಗಳು ಈ ನಗರದ ಮೇಲೆ ಬಾಂಬುಗಳ ಮಳೆಗರೆದುವು. ಐನೂರಕ್ಕೂ ಹೆಚ್ಚು ಜನ ಸತ್ತರು. ಮಧ್ಯಯುಗದ ಇಗರ್ಜಿ ಹೊರಗೋಡೆಗಳೂ ಗೋಪುರವೂ ಮಾತ್ರ ಉಳಿದು ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಆ ಪಾಳುಗೋಡೆಗಳನ್ನು ಕೆಡವದೆ, ಅವುಗಳ ಮಗ್ಗುಲಲ್ಲೇ ಹೊಸ ಇಗರ್ಜಿಯನ್ನು ಕಟ್ಟಿದರು. 1962ರಲ್ಲಿ ಅದರ ಪ್ರತಿಷ್ಠಾಪನೆಯ ಉತ್ಸವಕ್ಕೆಂದು ಬೆಂಜಮಿನ್ ಬ್ರಿಟನ್ ರಚಿಸಿದ ‘ವಾರ್ ರಿಕ್ವಿಯಂ’ ಮೊದಲ ಬಾರಿಗೆ ಕೇಳಿಬಂತು. ಮೃತರ ಶಾಂತಿಗಾಗಿ ಹಾಡುವ ಲ್ಯಾಟಿನ್ ಪ್ರಾರ್ಥನೆಯ ನಡುನಡುವೆ ವಿಲ್‌ಫ್ರೆಡ್ ಓವೆನ್ನನ ಯುದ್ಧಕವನಗಳನ್ನು ಹೆಣೆದ ಕೃತಿ ಅದು. ಓವೆನ್ ಮೊದಲ ಮಹಾಯುದ್ಧ ಮುಗಿಯುವುದಕ್ಕೆ ಕೇವಲ ಒಂದು ವಾರ ಮುಂಚೆ, 1918ರ ನವೆಂಬರ್ 4ರಂದು, ರಣರಂಗದಲ್ಲಿ ಮಡಿದವನು. ಇಂಥ ಊರಿನಲ್ಲಿ 1986ರಲ್ಲಿ ಕೆಲವು ತರುಣರು ಸೇರಿ ತಂಡ ಕಟ್ಟಿದಾಗ ಅದಕ್ಕೆ ಬಾಣಗಳನ್ನೆಸೆಯುವ ಹಳೆಯ ಯುದ್ಧಯಂತ್ರವೊಂದರ ಹೆಸರನ್ನಿಟ್ಟು, ಮೂವತ್ತು ವರ್ಷ ಯುದ್ಧವೊಂದನ್ನೇ ತಮ್ಮ ವಸ್ತುವಾಗಿ ಇಟ್ಟುಕೊಂಡರೆಂಬುದು ಯೋಚಿಸತಕ್ಕ ಸಂಗತಿ. ಊರಿನ ಇತಿಹಾಸವೇ ಹಾಡುಗಳಿಗೆ ಕಾರಣವೆಂದು ನಾನು ಸಾಧಿಸಹೊರಟಿಲ್ಲ. ಒಂದೇ ಊರು ಯುದ್ಧವನ್ನು ಕುರಿತು ಎರಡು ಬಗೆಯ ಸಂಗೀತಕ್ಕೆ ನೆಲೆಯಾಯಿತು ಎಂಬುದನ್ನಷ್ಟೇ ಕೇಳುಗರ ಗಮನಕ್ಕೆ ತರುತ್ತೇನೆ. ಆ ಎರಡನ್ನೂ ಜೊತೆಗಿಟ್ಟು ನೋಡುವ ಸಂದರ್ಭ ಮುಂದೆ ಬರುತ್ತದೆ.

ಈ ತಂಡಕ್ಕೂ ರೇಡಿಯೋಗೂ ಒಂದು ಋಣಾನುಬಂಧವಿದೆ. ಬಿ.ಬಿ.ಸಿ.ಯಲ್ಲಿ ಜಾನ್ ಪೀಲ್ ಎಂಬ ಕಾರ್ಯಕ್ರಮ ನಿರೂಪಕರಿದ್ದರು. 1967ರಿಂದ 2004ರಲ್ಲಿ ತೀರಿಕೊಳ್ಳುವ ತನಕ, ಯಾರೂ ಕೇಳದ ಹೊಸಬರ ಸಂಗೀತವನ್ನು ನಾಡಿಗೆ ಕೇಳಿಸುವುದನ್ನು ಅವರು ವ್ರತದಂತೆ ನಡೆಸಿದರು. ಬೋಲ್ಟ್ ಥ್ರೋವರ್ ತಂಡದ ಒರಟು ಧ್ವನಿಮುದ್ರಣವೊಂದನ್ನು ಕೇಳಿ, 1988ರ ಆರಂಭದಲ್ಲಿ ಅವರನ್ನು ಕರೆಸಿ ಬಿ.ಬಿ.ಸಿ.ಗಾಗಿ ನುಡಿಸಿದವರು ಇವರೇ. ತಂಡದ ಮೊದಲ ಸಂಪುಟ ಬಂದದ್ದೂ ಅದೇ ವರ್ಷ. ಗರ್ಜನೆಗೂ ಒಂದು ಆಕಾಶವಾಣಿ ಬೇಕಾಯಿತು, ನೋಡಿ!

ಇನ್ನು ಸಂಗೀತಕ್ಕೆ ಬರೋಣ. ಮೊದಲ ಕೇಳುವಿಕೆಯಲ್ಲಿ ಒಂದು ಮುದ್ದೆಯಂತೆ ತೋರುವ ಈ ಶಬ್ದವನ್ನು ಬಿಡಿಸಿ ನೋಡಿದರೆ ಮೂರು ಪದರಗಳು ಕಾಣುತ್ತವೆ: ಗಿಟಾರುಗಳು, ಡ್ರಂ, ಕಂಠ. ಒಂದೊಂದನ್ನೇ ಬೇರೆ ಬೇರೆಯಾಗಿ ಹಿಂಬಾಲಿಸಬೇಕು.

ಗಿಟಾರುಗಳ ವಿಚಾರದಲ್ಲಿ ನಮ್ಮ ಸಂಗೀತವನ್ನು ಕೇಳಿ ಬಲ್ಲವರಿಗೆ ಒಂದು ಅನುಕೂಲವುಂಟು. ಈ ಪ್ರಕಾರದಲ್ಲಿ ಗಿಟಾರು ಬಹುಮಟ್ಟಿಗೆ ನುಡಿಸುವುದು ಷಡ್ಜವನ್ನೂ ಪಂಚಮವನ್ನೂ ಒಟ್ಟಿಗೆ. ತಂಬೂರಿಯ ತಂತಿಗಳಿಗೂ ಇದೇ ನಂಟು ತಾನೆ? ಪಾಶ್ಚಾತ್ಯ ಸಂಗೀತದಲ್ಲಿ ಈ ಎರಡರ ನಡುವೆ ಗಾಂಧಾರವನ್ನಿಟ್ಟು ಸ್ವರಮೇಳವನ್ನು ಪೂರ್ಣಗೊಳಿಸುವುದು ವಾಡಿಕೆ. ಆ ಗಾಂಧಾರವೇ ಹರ್ಷವೋ ವಿಷಾದವೋ ಎಂಬುದನ್ನು ನಿರ್ಣಯಿಸುವ ಸ್ವರ. ಡೆತ್ ಮೆಟಲ್ ಅದನ್ನು ಕಿತ್ತುಹಾಕುತ್ತದೆ. ಕಾರಣ ಭೌತಶಾಸ್ತ್ರದಲ್ಲಿದೆ. ತಂತಿಯ ಕಂಪನ ವಿದ್ಯುತ್ತಾಗಿ ಆಂಪ್ಲಿಫೈಯರಿಗೆ ಹೋಗುತ್ತದೆ. ಯಂತ್ರ ತಾಳಬಲ್ಲದ್ದಕ್ಕಿಂತ ಹೆಚ್ಚು ಬಲವನ್ನು ಅದಕ್ಕೆ ತುಂಬಿದಾಗ ಶಬ್ದದ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಹಾಗಾದಾಗ ಮೂಲಸ್ವರದಲ್ಲಿ ಇಲ್ಲದಿದ್ದ ಅನೇಕ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ಎರಡು ಸ್ವರಗಳು ಕೂಡಿದ್ದರೆ ಅವುಗಳ ಕಂಪನಗಳ ವ್ಯತ್ಯಾಸದಿಂದ ಮತ್ತೊಂದು ಸ್ವರವೂ ಏಳುತ್ತದೆ. ಗಾಂಧಾರವಿದ್ದರೆ ಇವೆಲ್ಲ ಕಲಸಿ ಕೆಸರಾಗುವುದು. ಷಡ್ಜ-ಪಂಚಮಗಳಷ್ಟೇ ಇದ್ದರೆ, ಅವುಗಳ ಕಂಪನ ಎರಡಕ್ಕೆ ಮೂರರ ಪ್ರಮಾಣದಲ್ಲಿರುವುದರಿಂದ, ವ್ಯತ್ಯಾಸವಾಗಿ ಏಳುವ ಸ್ವರ ಆ ಷಡ್ಜದ ಕೆಳಗಿನ ಸ್ಥಾಯಿಯ ಷಡ್ಜವೇ ಆಗುತ್ತದೆ. ಯಾರೂ ನುಡಿಸದ ಸ್ವರವೊಂದು ಕೆಳಗಿನಿಂದ ಎದ್ದು ಬಂದು ಎದೆಯನ್ನು ತಟ್ಟುತ್ತದೆ. ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬರುವುದನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಾದ ಚಮತ್ಕಾರವೇನಲ್ಲ. ದಿಕ್ಕು ಬೇರೆ, ಅಷ್ಟೆ: ಅಲ್ಲಿ ಸ್ವರ ಮೇಲಕ್ಕೆ ಅರಳುತ್ತದೆ, ಇಲ್ಲಿ ನೆಲದೊಳಕ್ಕೆ ಇಳಿಯುತ್ತದೆ. ಇದರ ಮೇಲೆ ಬೋಲ್ಟ್ ಥ್ರೋವರ್ ತಂತಿಗಳನ್ನು ವಾಡಿಕೆಯ ಶ್ರುತಿಗಿಂತ ಬಹಳ ಕೆಳಕ್ಕೆ ಸಡಿಲಿಸಿ ನುಡಿಸುತ್ತದೆ.

ಹೀಗೆ ತಂತಿಯನ್ನು ಸಡಿಲಿಸುವ ಪದ್ಧತಿಯ ಬೇರೂ ಅಲ್ಲೇ ಸಮೀಪದಲ್ಲಿದೆ. ಕವೆಂಟ್ರಿಯ ನೆರೆಯ ಬರ್ಮಿಂಗ್‌ಹ್ಯಾಮಿನಲ್ಲಿ ‘ಬ್ಲ್ಯಾಕ್ ಸಬ್ಬತ್’ ತಂಡದ ಟೋನಿ ಐಯೋಮಿ ಎಂಬ ಗಿಟಾರುವಾದಕ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡರು. ನೋಯುವ ಬೆರಳುಗಳಿಗೆ ತಂತಿ ಹಗುರಾಗಲೆಂದು ಮುಂದೆ ಅವರು ಶ್ರುತಿಯನ್ನು ಇಳಿಸಿದರು. ಆ ಇಳಿದ ದನಿಯಿಂದ ಇಡೀ ಒಂದು ಸಂಗೀತಕುಲ ಹುಟ್ಟಿತು. ಅಂಗಭಂಗವೊಂದು ಪರಂಪರೆಗೆ ಶ್ರುತಿಯಾದುದು ಇತಿಹಾಸದ ವಿಚಿತ್ರಗಳಲ್ಲೊಂದು.

ಗಿಟಾರುಗಳು ನುಡಿಸುವ ಪುಟ್ಟ ಪುಟ್ಟ ವಾಕ್ಯಗಳಿಗೆ ರಿಫ್ ಎಂದು ಹೆಸರು. ಒಂದು ರಿಫ್ ನಾಲ್ಕು ಬಾರಿಯೋ ಎಂಟು ಬಾರಿಯೋ ಆವರ್ತನಗೊಂಡು ಮತ್ತೊಂದಕ್ಕೆ ದಾರಿ ಬಿಡುತ್ತದೆ. ಹಾಡಿನ ಕಟ್ಟಡವೆಂದರೆ ಇಂಥ ರಿಫ್‌ಗಳ ಸಾಲೇ. ಪಲ್ಲವಿ ಚರಣಗಳು ಇವುಗಳ ಬೆನ್ನೇರಿ ಬರುತ್ತವೆ. ಬಲಗೈಯ ಅಂಚನ್ನು ತಂತಿಗಳ ಬುಡಕ್ಕೆ ಒತ್ತಿ ನುಡಿಸಿದಾಗ ಸ್ವರ ಮೊಟಕಾಗಿ ಗುದ್ದಿನಂತೆ ಬೀಳುತ್ತದೆ. ಕೈ ಎತ್ತಿದರೆ ತೆರೆದು ಹರಿಯುತ್ತದೆ. ಈ ಮುಚ್ಚು-ತೆರೆಯ ಆಟವನ್ನು ಗಮನಿಸಿದ ಕ್ಷಣದಿಂದ ‘ಗದ್ದಲ’ ಎಂದು ತೋರಿದ್ದು ವಾಕ್ಯಗಳಾಗಿ ಒಡೆಯತೊಡಗುತ್ತದೆ. ಗೇವಿನ್ ವಾರ್ಡ್ ಮತ್ತು ಬ್ಯಾರಿ ಥಾಮ್ಸನ್ ಇಬ್ಬರೂ ಒಂದೇ ವಾಕ್ಯವನ್ನು ಒಂದೇ ಕೈಯೆಂಬಂತೆ ನುಡಿಸುತ್ತಾರೆ. ಕೆಳಗೆ ಬಾಸ್ ಗಿಟಾರಿನಲ್ಲಿ ಜೋ ಬೆಂಚ್. 1987ರಿಂದ ತಂಡದಲ್ಲಿದ್ದ ಈ ಮಹಿಳೆ, ಗಂಡಸರೇ ತುಂಬಿದ್ದ ಈ ಪ್ರಕಾರದಲ್ಲಿ ಬಹು ಮೊದಲಿಗರಲ್ಲೊಬ್ಬರು.

ಡ್ರಂ ನುಡಿಸುವವರು ಮಾರ್ಟಿನ್ ಕರ್ನ್ಸ್. ಇಲ್ಲಿ ಕೈಗಳಿಗಿಂತ ಕಾಲುಗಳನ್ನು ಆಲಿಸಬೇಕು. ಎರಡು ಪೆಡಲುಗಳ ಮೇಲೆ ಎರಡು ಪಾದಗಳು ಓಡುತ್ತಿರುತ್ತವೆ. ಮೇಲೆ ಕೈಗಳು ಮಾತ್ರ ನಿಧಾನವಾದ, ದೊಡ್ಡ ಹೆಜ್ಜೆಯ ತಾಳವನ್ನು ಹಿಡಿದಿರುತ್ತವೆ. ಕೆಳಗೆ ದ್ರುತ, ಮೇಲೆ ವಿಲಂಬ. ಅತಿವೇಗವೇ ಈ ಪ್ರಕಾರದ ಹೆಮ್ಮೆಯಾಗಿರುವಾಗ ಬೋಲ್ಟ್ ಥ್ರೋವರ್ ಮಧ್ಯಮಗತಿಯನ್ನು ತನ್ನದಾಗಿಸಿಕೊಂಡಿತು. ದೊಡ್ಡ ಭಾರವನ್ನು ಹೊತ್ತು, ನಿಲ್ಲದೆ, ಅವಸರವಿಲ್ಲದೆ ಮುಂದೊತ್ತುವ ನಡೆ ಅದು. ‘ಅಟ್ ಫಸ್ಟ್ ಲೈಟ್’ ಎಂಬ ಮೊದಲ ಹಾಡಿನಲ್ಲೇ ಈ ನಡೆಯ ಪರಿಚಯವಾಗುತ್ತದೆ. ಅನಂತರದ ‘ಎನ್‌ಟ್ರೆಂಚ್ಡ್’ ಎಂಬ ಕಂದಕದ ಹಾಡಿನಲ್ಲೂ ‘ದಿ ಕಿಲ್‌ಚೈನ್’ನಲ್ಲೂ ಅದು ಗಟ್ಟಿಗೊಳ್ಳುತ್ತದೆ. ನನ್ನ ಮಟ್ಟಿಗೆ ಇಡೀ ಸಂಪುಟದ ತಿರುಳು ‘ದಿ ಕಿಲ್‌ಚೈನ್’. ಆ ಹೆಸರು ಇಂದಿನ ಸೇನಾಪರಿಭಾಷೆಯ ಮಾತು: ಗುರಿಯನ್ನು ಹುಡುಕುವುದು, ನಿಶ್ಚಯಿಸುವುದು, ಹೊಡೆಯುವುದು, ಹೊಡೆದದ್ದನ್ನು ಪರಿಶೀಲಿಸುವುದು—ಹೀಗೆ ಕೊಲ್ಲುವ ಕೆಲಸವನ್ನು ಸರಪಳಿಯ ಕೊಂಡಿಗಳಾಗಿ ವಿಂಗಡಿಸಿಟ್ಟ ವ್ಯವಸ್ಥೆ. ಕಚೇರಿಯ ಕಡತ ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ಹೋಗುವಷ್ಟೇ ಕ್ರಮಬದ್ಧ. ರಿಫ್ ಕೂಡ ಹಾಗೆಯೇ, ಕೊಂಡಿಗೆ ಕೊಂಡಿ ಸೇರಿಸಿಕೊಂಡು ನಡೆಯುತ್ತದೆ.

ಇನ್ನು ಕಂಠ. ಹೊಸಬರನ್ನು ಓಡಿಸುವುದು ಇದೇ. ಕಾರ್ಲ್ ವಿಲೆಟ್ಸ್ ಹಾಡುವುದಿಲ್ಲ, ಗರ್ಜಿಸುತ್ತಾರೆ. ಮನುಷ್ಯನ ಗಂಟಲಿನಲ್ಲಿ ಸ್ವರ ಹುಟ್ಟಿಸುವ ಧ್ವನಿತಂತುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಸಾಮಾನ್ಯ ಮಾತಿನಲ್ಲಿ ಅವಕ್ಕೆ ಕೆಲಸವಿಲ್ಲ. ಗರ್ಜನೆಯಲ್ಲಿ ಅವೂ ಒತ್ತಿ ಬಂದು ಕ್ರಮವಿಲ್ಲದೆ ಕಂಪಿಸುವುದರಿಂದ ಸ್ವರದ ಏರಿಳಿತ ಅಳಿಸಿಹೋಗಿ ಒರಟು ನಾದವಷ್ಟೇ ಉಳಿಯುತ್ತದೆ. ಇದು ಬರಿಯ ಕಿರಿಚಾಟವೆಂದು ತಿಳಿಯಬಾರದು. ಉಸಿರಿನ ಹಿಡಿತವಿಲ್ಲದವನ ಗಂಟಲು ಒಂದೇ ವಾರದಲ್ಲಿ ಕೆಟ್ಟುಹೋಗುತ್ತದೆ. ವಿಲೆಟ್ಸ್ ಅವರ ಉಚ್ಚಾರಣೆ ಈ ಪ್ರಕಾರದಲ್ಲಿ ಸ್ಪಷ್ಟವೆಂದೇ ಹೆಸರಾದದ್ದು. ಸಾಹಿತ್ಯದ ಹಾಳೆಯನ್ನು ಕೈಯಲ್ಲಿ ಹಿಡಿದು ಕೇಳಿದರೆ ಎರಡನೆಯ ಸಲಕ್ಕೆ ಪದಗಳು ಕಿವಿಗೆ ಸಿಗುತ್ತವೆ.

ಆದರೆ ಏಕೆ ಗರ್ಜಿಸಬೇಕು? ನಾನು ಈ ಸಂಪುಟವನ್ನು ಮತ್ತೆ ಮತ್ತೆ ಕೇಳಿ ಕಂಡುಕೊಂಡ ಉತ್ತರ ಇದು. ಒಬ್ಬನ ದನಿಯಿಂದ ನಾವು ಅವನ ವಯಸ್ಸು, ಊರು, ಓದು, ಮನಸ್ಸಿನ ಸ್ಥಿತಿ ಎಲ್ಲವನ್ನೂ ಊಹಿಸುತ್ತೇವೆ. ದನಿಯೆಂಬುದು ವ್ಯಕ್ತಿಯ ಮುಖ. ಗರ್ಜನೆ ಆ ಮುಖವನ್ನು ಅಳಿಸುತ್ತದೆ. ಈ ಸಂಪುಟದ ಹೆಚ್ಚಿನ ವಸ್ತು ಮೊದಲ ಮಹಾಯುದ್ಧ. 1916ರ ಜುಲೈ 1ರಂದು, ಸೋಮ್ ಕದನದ ಮೊದಲ ಒಂದೇ ದಿನ, ಬ್ರಿಟಿಷ್ ಸೇನೆಯಲ್ಲಿ ಸತ್ತವರು 19,240 ಮಂದಿ. ಗಾಯಗೊಂಡವರೂ ಕಾಣೆಯಾದವರೂ ಸೇರಿದರೆ 57,000ಕ್ಕೂ ಮಿಕ್ಕಿ. ಅನೇಕರ ಗುರುತೇ ಸಿಗಲಿಲ್ಲ. 1920ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹೆಸರು ತಿಳಿಯದ ಒಬ್ಬ ಯೋಧನನ್ನು ರಾಜಮರ್ಯಾದೆಯೊಡನೆ ಹೂಳಬೇಕಾಯಿತು. ಆ ಅಜ್ಞಾತ ಸೈನಿಕ ಮಾತನಾಡುವುದಾದರೆ ಯಾವ ದನಿಯಲ್ಲಿ ಮಾತನಾಡಬೇಕು? ತರಬೇತಿ ಪಡೆದ ಇಂಪಾದ ಕಂಠದಲ್ಲಿಯೆ? ಬ್ರಿಟನ್ನನ ಕೃತಿಯಲ್ಲಿ ಓವೆನ್ನನ ಕವನಗಳನ್ನು ಹಾಡುವವರು ಇಬ್ಬರು ಏಕವ್ಯಕ್ತಿ ಗಾಯಕರು. ಅಲ್ಲಿ ಸತ್ತವನಿಗೆ ಮುಖವಿದೆ, ವಿವೇಕವಿದೆ. ಅವನಿಗಾಗಿ ನಾವು ಕಣ್ಣೀರಿಡಬಹುದು. ಬೋಲ್ಟ್ ಥ್ರೋವರ್ ಕೇಳುವಾಗ ಕಣ್ಣೀರು ಬರುವುದಿಲ್ಲ. ಮುಖ ಕಳೆದುಕೊಂಡ ದನಿಯೊಂದು ಯಂತ್ರಗಳ ಸದ್ದಿನೊಳಗಿಂದಲೇ ಏಳುತ್ತದೆ, ಅದರ ಮೇಲೆ ನಿಲ್ಲುವುದಿಲ್ಲ. ಏಕವಾದನಗಳು ಬಂದರೂ ಚುಟುಕಾಗಿ ಬಂದು ರಿಫ್‌ನೊಳಗೆ ಮುಳುಗಿಹೋಗುತ್ತವೆ. ಈ ಸಂಗೀತದಲ್ಲಿ ನಾಯಕನೇ ಇಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರುತ್ತದೆ, ಅದನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಈ ಸಂಗೀತ ಕೇಳುವಾಗ ಹುಟ್ಟುವುದು ಶೋಕವಲ್ಲ, ಉತ್ಸಾಹ. ತಲೆ ತಾನಾಗಿ ತೂಗುತ್ತದೆ, ರಕ್ತ ಬಿಸಿಯಾಗುತ್ತದೆ. ಹಾಗಾದರೆ ಇದು ಯುದ್ಧವನ್ನು ಕೊಂಡಾಡಿದಂತಾಗಲಿಲ್ಲವೆ? ಉತ್ಸಾಹ ವೀರರಸದ ಸ್ಥಾಯಿಭಾವ, ಜುಗುಪ್ಸೆ ಬೀಭತ್ಸದ್ದು ಎಂದು ಭರತನ ಕಾಲದಿಂದ ನಾವು ಓದಿಕೊಂಡು ಬಂದಿದ್ದೇವೆ. ನಮ್ಮ ಕಾವ್ಯಗಳ ಯುದ್ಧಪರ್ವಗಳಲ್ಲಿ ಇವೆರಡೂ ಬೆರೆತೇ ಬರುತ್ತವೆ. ಆದರೂ ರನ್ನನನ್ನೋ ಕುಮಾರವ್ಯಾಸನನ್ನೋ ಓದಿ ಮೈ ನವಿರೆದ್ದವನನ್ನು ಯುದ್ಧಪ್ರಿಯನೆಂದು ಯಾರೂ ದೂರುವುದಿಲ್ಲ. ಈ ಸಮಾಧಾನ ಸ್ವಲ್ಪ ದೂರ ನಡೆಯುತ್ತದೆ. ಪೂರ್ತಿ ನಡೆಯುವುದಿಲ್ಲ. ಏಕೆಂದರೆ ಪುರಾಣದ ಯುದ್ಧ ಬೇರೆ, ಕವೆಂಟ್ರಿಯವರ ಮುತ್ತಜ್ಜಂದಿರು ಕೆಸರಿನಲ್ಲಿ ಹೂತುಹೋದ ಯುದ್ಧ ಬೇರೆ. ನಮ್ಮ ಊರೂರ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೆನೆದರೆ ಈ ವ್ಯತ್ಯಾಸ ನನಗೆ ಸ್ಪಷ್ಟವಾಗುತ್ತದೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತಗಳು: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುತ್ತಿರುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿರುವುದು. ಈ ಸಂಪುಟದಲ್ಲಿರುವುದು ಕೆಳಗಿನ ಫಲಕವೊಂದೇ. ಒಂಬತ್ತು ಹಾಡುಗಳನ್ನು ಕೇಳಿ ಮುಗಿಸಿದರೂ ಯಾರೂ ಬಂದು ಯಾರನ್ನೂ ಎತ್ತಿ ಒಯ್ಯುವುದಿಲ್ಲ. ಕೊಂಡಾಟಕ್ಕೆ ಮೇಲಿನ ಫಲಕಗಳು ಬೇಕು. ಶೋಕಕ್ಕೂ ಒಬ್ಬ ವ್ಯಕ್ತಿ ಬೇಕು. ಎರಡೂ ಇಲ್ಲದ ಕಡೆ ಉಳಿಯುವುದು ಮುಂದೊತ್ತುವ ಶಕ್ತಿಯೊಂದೇ, ಅದರ ಆಕರ್ಷಣೆಯೂ ಸುಳ್ಳಲ್ಲ. ಆ ಆಕರ್ಷಣೆಯನ್ನು ಮೈಯಲ್ಲೇ ಅನುಭವಿಸಿ ಮುಜುಗರಪಡುವುದು ಈ ಸಂಪುಟವನ್ನು ಕೇಳುವುದರ ಒಂದು ಭಾಗವೆಂದೇ ನಾನು ಎಣಿಸುತ್ತೇನೆ.

ಸಂಪ್ರದಾಯದ ವಿಷಯ ಒಂದು ಮಾತು ಉಳಿಯಿತು. ಅಮೆರಿಕದ ‘ಡೆತ್’ ಎಂಬ ತಂಡದ ಮೊದಲ ಸಂಪುಟ ಬಂದದ್ದು 1987ರಲ್ಲಿ. ಅಲ್ಲಿಂದ 2005ರ ಹೊತ್ತಿಗೆ ಈ ಪ್ರಕಾರ ಎಷ್ಟೋ ಕವಲುಗಳಾಗಿ ಒಡೆದಿತ್ತು. ಗಣಿತದಷ್ಟು ಕಠಿಣವಾದ ತಾಳಗಳನ್ನು ತಂದವರುಂಟು, ಸಿಂಫನಿಯನ್ನು ಬೆರೆಸಿದವರುಂಟು. ಬೋಲ್ಟ್ ಥ್ರೋವರ್ ಎಂಟು ಸಂಪುಟಗಳ ಉದ್ದಕ್ಕೂ ತನ್ನ ದಾರಿ ಬಿಡಲಿಲ್ಲ. ‘ಎಲ್ಲ ಹಾಡುಗಳೂ ಒಂದೇ ರೀತಿ’ ಎಂಬ ದೂರಿಗೆ ಅದು ಗುರಿಯಾದದ್ದೂ ಉಂಟು. ಗದುಗಿನ ಭಾರತ ಪೂರ್ತಿ ಭಾಮಿನಿ ಷಟ್ಪದಿಯಲ್ಲೇ ಇದೆಯೆಂದು ದೂರಿದಂತಾಯಿತು ಇದು! ಅಚ್ಚು ಒಂದೇ ಆದಾಗ ಕಿವಿ ಅಚ್ಚನ್ನು ಮರೆತು, ಅದರೊಳಗಿನ ಸಣ್ಣ ಸಣ್ಣ ಹೊರಳುಗಳಿಗೆ ಎಚ್ಚರಾಗುತ್ತದೆ. ಆರನೆಯ ಸಾರಿ ಕೇಳುವಾಗ, ಒಂದು ರಿಫ್‌ನ ಕೊನೆಯಲ್ಲಿ ಎಲ್ಲರೂ ಅರ್ಧ ಮಾತ್ರೆ ತಡೆದು ಮತ್ತೆ ಒಟ್ಟಿಗೆ ಬೀಳುವುದು ಒಂದು ಘಟನೆಯೇ ಆಗಿ ತೋರುತ್ತದೆ. ಹೊಸತನವನ್ನು ಬೆನ್ನಟ್ಟುವವನಿಗೆ ಇದರ ಸುಖ ದೊರೆಯಲಾರದು.

ಈ ಸಂಪುಟದ ಅನಂತರ ತಂಡ ಒಂಬತ್ತನೆಯದಕ್ಕೆ ಸಿದ್ಧತೆ ನಡೆಸಿತು. ಆದರೆ ಹೊಸ ರಚನೆಗಳು ಇದರ ಮಟ್ಟಕ್ಕೆ ಬರಲಿಲ್ಲವೆಂದು ತಾವೇ ತೀರ್ಮಾನಿಸಿ ಕೈಬಿಟ್ಟರು. ಕಚೇರಿಗಳನ್ನು ಮಾತ್ರ ನಡೆಸುತ್ತ ಬಂದರು. 2015ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆಂದು ಅಭ್ಯಾಸ ನಡೆದಿದ್ದಾಗ ಮಾರ್ಟಿನ್ ಕರ್ನ್ಸ್ ಅಸ್ವಸ್ಥರಾದರು. 14ರಂದು ನಿದ್ರೆಯಲ್ಲೇ ತೀರಿಕೊಂಡರು. ಹದಿನೇಳರ ಹುಡುಗನಾಗಿ ತಂಡವನ್ನು ಸೇರಿ, ನಡುವೆ ಕೆಲವು ಕಾಲ ಬಿಟ್ಟು ಮರಳಿ ಬಂದಿದ್ದ ಅವರಿಗೆ ಆಗ ಮೂವತ್ತೆಂಟು ವರ್ಷ. ಉಳಿದವರು ಆ ಸ್ಥಾನಕ್ಕೆ ಬೇರೊಬ್ಬರನ್ನು ತರಲಿಲ್ಲ. ಸರಿಯಾಗಿ ಒಂದು ವರ್ಷದ ಮೇಲೆ, 2016ರ ಸೆಪ್ಟೆಂಬರ್ 14ರಂದು, ಬೋಲ್ಟ್ ಥ್ರೋವರ್ ಇಲ್ಲಿಗೆ ಮುಗಿಯಿತೆಂದು ಪ್ರಕಟಿಸಿದರು. ವಿಲೆಟ್ಸ್ ಅದೇ ವರ್ಷ, ತಂಡದ ಆರಂಭದ ದಿನಗಳ ಡ್ರಂವಾದಕ ಆ್ಯಂಡ್ರೂ ವೇಲ್ ಮೊದಲಾದವರೊಡನೆ ‘ಮೆಮೋರಿಯಂ’ ಎಂಬ ಹೊಸ ತಂಡವನ್ನು ಕಟ್ಟಿದರು. 2017ರಲ್ಲಿ ಬಂದ ಅದರ ಮೊದಲ ಸಂಪುಟಕ್ಕೆ ‘ಫಾರ್ ದಿ ಫಾಲನ್’ ಎಂದು ಹೆಸರು. 1914ರಲ್ಲಿ ಲಾರೆನ್ಸ್ ಬಿನ್ಯನ್ ಮಡಿದವರನ್ನು ಕುರಿತು ಬರೆದ ಕವನದ ಹೆಸರೂ ಇದೇ.

‘ದೋಸ್ ಒನ್ಸ್ ಲಾಯಲ್’ನ ಕೊನೆಯ ಹಾಡು ‘ವೆನ್ ಕ್ಯಾನನ್ಸ್ ಫೇಡ್’. ತೋಪುಗಳ ಸದ್ದು ಅಡಗುವ ಹೊತ್ತು. ಬೋಲ್ಟ್ ಥ್ರೋವರ್ ಸಂಪುಟಗಳಲ್ಲಿ ಕಟ್ಟಕಡೆಯದಾಗಿ ಉಳಿದಿರುವ ಹಾಡು ಅದು. ಅದರಲ್ಲಿ ಕೆಳಗೆ ನಿಲ್ಲದೆ ಓಡುತ್ತಿರುವ ಕಾಲುಗಳು ಕರ್ನ್ಸ್ ಅವರವು.